ಇಟ್ಯಾಲಿಕ್ ಒತ್ತುವ ಮುನ್ನ

ನಿನಗೆ ಕೆಲಸ ಸಿಕ್ಕಿದ ಸುದ್ದಿಯನ್ನು ನಿಮ್ಮಪ್ಪ ಹೇಳಿದರು. ಬಹಳ ಸಂತೋಷವಾಯಿತು. ಹೊರದೇಶದ ಪ್ರಕಾಶಕರ ವಿಜ್ಞಾನ ಪತ್ರಿಕೆಗಳಿಗೆ ಎಕ್ಸ್‌ಎಂಎಲ್ ಟ್ಯಾಗ್ ಹಾಕುವ, ಅಂದರೆ ಪಠ್ಯದ ಯಾವ ಭಾಗ ಏನು ಎಂದು ಗುರುತಿಸುವ ಕೆಲಸವಂತೆ. ಭಾಷಾವಿಜ್ಞಾನ ಓದಿದವಳಿಗೆ ಇದೆಂಥ ಕೆಲಸ, ದಿನವಿಡೀ ಕೂತು ಟ್ಯಾಗ್ ಹಾಕುವುದು ಎಂದು ನಿನ್ನ ಗೆಳತಿಯರು ಅಂದರಂತೆ. ನನ್ನ ತಲೆ ನರೆತದ್ದು ಇದೇ ಕೆಲಸದಲ್ಲಿ. ಆ ಸಲಿಗೆಯಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ. ಭಾಷೆ ಓದಿದವರೇ ಮಾಡಬೇಕಾದ ಕೆಲಸ ಇದು ಎಂಬುದು ನನ್ನ ಗಟ್ಟಿ ನಂಬಿಕೆ.

ನೋಡಮ್ಮ, ಕೃಷಿ ವಿಜ್ಞಾನದ ಒಂದು ಲೇಖನ ನಿನ್ನ ಪರದೆಯ ಮೇಲಿದೆ ಎಂದುಕೋ. ಅದರಲ್ಲಿ ನೆಲಗಡಲೆಯ ವೈಜ್ಞಾನಿಕ ಹೆಸರು ಬಾಗಿದ ಅಕ್ಷರದಲ್ಲಿರುತ್ತದೆ. ಕೊನೆಯ ಆಕರ ಪಟ್ಟಿಯಲ್ಲಿ ಪತ್ರಿಕೆಗಳ ಹೆಸರು ಬಾಗಿರುತ್ತವೆ. ಸಮೀಕರಣದ ಚರಾಕ್ಷರ, ಜೀನಿನ ಹೆಸರು, ಲೇಖಕರು ಒತ್ತಿ ಹೇಳಿದ ಒಂದು ಪದ, ಇವೂ ಬಾಗಿರುತ್ತವೆ. ಕಾಗದದ ಮೇಲೆ ಐದಕ್ಕೂ ಒಂದೇ ರೂಪ. ವಿಷಯ ಬಲ್ಲ ಓದುಗ ಐದನ್ನೂ ಬೇರೆ ಬೇರೆಯಾಗಿಯೇ ಓದಿಕೊಳ್ಳುತ್ತಾನೆ. ಕಂಪ್ಯೂಟರಿಗೆ ಆ ಬುದ್ಧಿ ಇಲ್ಲ. ನೀನು ಎಲ್ಲಕ್ಕೂ ಇಟ್ಯಾಲಿಕ್ ಎಂಬ ಒಂದೇ ಟ್ಯಾಗ್ ಹಾಕಿ ಮುಂದೆ ಹೋದರೆ, ಲೇಖಕನಿಗೆ ಗೊತ್ತಿದ್ದ ವ್ಯತ್ಯಾಸ ನಿನ್ನ ಕೈಯಲ್ಲಿ ಅಳಿಸಿಹೋಯಿತು. ಇದು ಸಸ್ಯದ ಹೆಸರು, ಇದು ಜೀನ್, ಇದು ಪತ್ರಿಕೆ ಎಂದು ಗುರುತಿಸಿದರೆ ಆ ಅರಿವು ಫೈಲಿನೊಳಗೆ ಉಳಿಯುತ್ತದೆ. ಬಾಗಿಸಬೇಕೋ ಬೇಡವೋ ಎಂಬುದನ್ನು ಆಮೇಲೆ ನೋಟವನ್ನು ನಿರ್ಧರಿಸುವ ಸ್ಟೈಲ್‌ಶೀಟ್ ನೋಡಿಕೊಳ್ಳುತ್ತದೆ. ನಿನ್ನ ಕಂಪನಿಯ ಗಿರಾಕಿ ಬರೀ ಇಟ್ಯಾಲಿಕ್ ಸಾಕು ಎಂದು ಸೂಚನೆ ಕೊಟ್ಟಿರಬಹುದು. ಆಗ ಸೂಚನೆಯಂತೆಯೇ ಮಾಡು. ಆದರೆ ಒತ್ತುವ ಮುನ್ನ ಅದು ಏನು ಎಂದು ಮನಸ್ಸಿನಲ್ಲಿ ಒಮ್ಮೆ ಕೇಳಿಕೋ. ಆ ಪ್ರಶ್ನೆ ಅಭ್ಯಾಸವಾದರೆ ಉಳಿದದ್ದೆಲ್ಲ ಕಲಿಯಬಹುದು.

ಈ ಯೋಚನೆ ಹುಟ್ಟಿದ್ದೂ ಇಂಥ ಒಂದು ತೊಡಕಿನಿಂದ. ಐಬಿಎಂನಲ್ಲಿದ್ದ ಚಾರ್ಲ್ಸ್ ಗೋಲ್ಡ್‌ಫಾರ್ಬ್ ವಕೀಲರಾಗಿದ್ದವರು. ವಕೀಲರ ಕಚೇರಿಯ ದಸ್ತಾವೇಜುಗಳನ್ನು ತಿದ್ದಲು ಒಂದು ಪ್ರೋಗ್ರಾಂ, ಹುಡುಕಲು ಇನ್ನೊಂದು, ಪುಟ ಕಟ್ಟಲು ಮತ್ತೊಂದು ಇದ್ದವು. ಒಂದರ ಸಂಕೇತ ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. 1969ರಲ್ಲಿ ಅವರು ಎಡ್ವರ್ಡ್ ಮೋಷರ್ ಮತ್ತು ರೇಮಂಡ್ ಲೋರಿ ಜೊತೆ ಸೇರಿ ಜಿಎಂಎಲ್ ಎಂಬ ಗುರುತು ಭಾಷೆ ರೂಪಿಸಿದರು. ಅದು ಬೆಳೆದು 1986ರಲ್ಲಿ ಐಎಸ್‌ಒ 8879 ಎಂಬ ಅಂತಾರಾಷ್ಟ್ರೀಯ ಮಾನಕವಾಯಿತು. ಎಸ್‌ಜಿಎಂಎಲ್ ಎಂದರೆ ಅದೇ.

ನಿನ್ನಂಥ ಭಾಷೆಯ ವಿದ್ಯಾರ್ಥಿಗೆ ನಾನು ವಿವರವಾಗಿ ಹೇಳಲೇಬೇಕಾದ ಕಥೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನದು. 1928ರಲ್ಲಿ ಮುಗಿದ ಆ ಮಹಾ ನಿಘಂಟು, ಆಮೇಲೆ ಬಂದ ನಾಲ್ಕು ಪುರವಣಿ ಸಂಪುಟಗಳು, ಎಲ್ಲವನ್ನೂ ಒಂದೇ ಅಕಾರಾದಿಯಲ್ಲಿ ಬೆಸೆಯಬೇಕೆಂದು 1984ರಲ್ಲಿ ಪ್ರಕಾಶಕರು ಹೊರಟರು. ಅಂಥ ಜಟಿಲ ಪುಟಗಳನ್ನು ನೆಚ್ಚುವಂತೆ ಓದಬಲ್ಲ ಯಂತ್ರ ಆಗ ಇರಲಿಲ್ಲ. ಅಮೆರಿಕದಲ್ಲಿ ಸುಮಾರು 120 ಮಂದಿ ಕೂತು 35 ಕೋಟಿಗೂ ಮೀರಿದ ಅಕ್ಷರಗಳನ್ನು ಟೈಪ್ ಮಾಡಿದರು. ಬ್ರಿಟನ್ನಿನಲ್ಲಿ 55 ಮಂದಿ ಕರಡು ತಿದ್ದಿದರು. ಅವರು ಬರೀ ಅಕ್ಷರ ಹೊಡೆದಿದ್ದರೆ ಅದೊಂದು ದೊಡ್ಡ ಬೆರಳಚ್ಚಿನ ಕೆಲಸವಾಗಿ ಮುಗಿಯುತ್ತಿತ್ತು. ಟೈಪ್ ಮಾಡುತ್ತಲೇ ಇದು ಮುಖ್ಯ ಪದ, ಇದು ಉಚ್ಚಾರಣೆ, ಇದು ವ್ಯುತ್ಪತ್ತಿ, ಇದು ಉಲ್ಲೇಖ, ಇದು ಉಲ್ಲೇಖದ ವರ್ಷ ಎಂದು ಗುರುತು ಹಾಕಿದರು. ದಪ್ಪ ಅಕ್ಷರ, ಸಣ್ಣ ಅಕ್ಷರ, ಬಾಗಿದ ಅಕ್ಷರಗಳ ಹಿಂದೆ ಹಳೆಯ ಸಂಪಾದಕರು ಇಟ್ಟಿದ್ದ ತರ್ಕ ಹೀಗೆ ಹೊರಗೆ ಬಂತು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದವರು ಆ ಅಗಾಧ ಪಠ್ಯದಲ್ಲಿ ಹುಡುಕುವ ತಂತ್ರಾಂಶ ಕಟ್ಟಿದರು. 1989ರಲ್ಲಿ 20 ಸಂಪುಟಗಳ ಎರಡನೇ ಆವೃತ್ತಿ ಅಚ್ಚಾಯಿತು. ಅದೇ ಪಠ್ಯ 1992ರಲ್ಲಿ ಸಿಡಿಯಲ್ಲೂ 2000ದಲ್ಲಿ ಜಾಲದಲ್ಲೂ ಬಂತು. ಅದರಲ್ಲಿ ಸುಮಾರು 24 ಲಕ್ಷ ಉಲ್ಲೇಖಗಳಿವೆ. ಶೇಕ್ಸ್‌ಪಿಯರ್‌ನಿಂದ ಎಷ್ಟು ತೆಗೆದುಕೊಂಡಿದ್ದಾರೆ, ಒಂದು ಶತಮಾನದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ಪದಗಳು ಯಾವುವು ಎಂದು ಕೇಳಿದರೆ ಉತ್ತರ ಸಿಗುತ್ತದೆ. 20 ಸಂಪುಟಗಳ ಕಾಗದಕ್ಕೆ ಈ ಪ್ರಶ್ನೆ ಕೇಳಿದರೆ ಒಬ್ಬ ವಿದ್ವಾಂಸನ ಆಯುಷ್ಯ ಸಾಲದು.

ವಾಟರ್‌ಲೂನಲ್ಲಿ ಆ ಯೋಜನೆ ನೋಡಿಕೊಂಡವರಲ್ಲಿ ಟಿಮ್ ಬ್ರೇ ಒಬ್ಬರು. ಮುಂದೆ ಎಸ್‌ಜಿಎಂಎಲ್‌ನ ಭಾರ ಇಳಿಸಿ ಜಾಲಕ್ಕೆ ಹೊಂದುವ ಹಗುರ ರೂಪ ಬೇಕೆಂದಾಗ ಅದನ್ನು ಬರೆದ ಮೂವರು ಸಂಪಾದಕರಲ್ಲಿ ಅವರೂ ಇದ್ದರು. ಉಳಿದಿಬ್ಬರು ಝಾನ್ ಪಾವೊಲಿ ಮತ್ತು ಮೈಕೇಲ್ ಸ್ಪೆರ್ಬರ್ಗ್-ಮೆಕ್ವೀನ್. 1998ರ ಫೆಬ್ರುವರಿ 10ರಂದು ಎಕ್ಸ್‌ಎಂಎಲ್ 1.0 ಹೊರಬಂತು. ಸ್ಪೆರ್ಬರ್ಗ್-ಮೆಕ್ವೀನ್ ಸಾಹಿತ್ಯದ ವಿದ್ವಾಂಸರು. ಹಳೆಯ ಗ್ರಂಥಗಳನ್ನು ಗಣಕಕ್ಕೆ ತರುವ ಟಿಇಐ ಮಾರ್ಗಸೂಚಿಯ ಸಂಪಾದಕರಾಗಿದ್ದವರು. ನಿನ್ನ ಕೆಲಸದ ಹಿಂದೆ ನಿಘಂಟು ಕಟ್ಟಿದವರು, ಕಾವ್ಯ ಸಂಪಾದಿಸಿದವರು ಇದ್ದಾರೆ ಎಂಬುದನ್ನು ಆ ಗೆಳತಿಯರಿಗೆ ಹೇಳು.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಕಿಟೆಲ್ ನಿಘಂಟನ್ನು ನೀನು ಬಳಸಿದ್ದೀಯ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಹಾಕಿದ ಪುಸ್ತಕ, ಸುಮಾರು 70,000 ಪದಗಳದ್ದು. ಅದರ ಒಂದು ನಮೂದನ್ನು ನಿಧಾನವಾಗಿ ನೋಡು. ಕನ್ನಡ ಲಿಪಿಯ ಪದ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅರ್ಥ, ಎಲ್ಲಿಂದ ತೆಗೆದದ್ದು ಎಂಬುದರ ಸಂಕ್ಷೇಪ, ಅನೇಕ ಕಡೆ ಗಾದೆ, ತಮಿಳು ತೆಲುಗು ಮಲಯಾಳ ತುಳುಗಳ ಸೋದರ ಪದಗಳು. ಅದರ ಒಂದೊಂದು ಆವರಣ ಚಿಹ್ನೆಗೂ ಕೆಲಸವಿದೆ. ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಇದೆಲ್ಲ ಕಣ್ಣಿಗೆ ಕಾಣುತ್ತದೆ, ಅಷ್ಟೆ. ಗುರುತು ಹಾಕಿದ ಪಠ್ಯವಾದರೆ, ಕಿಟೆಲ್ ತುಳುವಿನ ಸೋದರ ಪದ ಕೊಟ್ಟ ನಮೂದುಗಳನ್ನೆಲ್ಲ ಒಟ್ಟಿಗೆ ಕೊಡು, ಎತ್ತಿನ ಮೇಲಿನ ಗಾದೆಗಳನ್ನೆಲ್ಲ ಕೊಡು ಎಂದು ಕೇಳಬಹುದು. ಸಂಸ್ಕೃತಕ್ಕೆ ಈ ಭಾಗ್ಯ ಬಂದಿದೆ: ಮೋನಿಯರ್ ವಿಲಿಯಮ್ಸ್ ಅವರ 1899ರ ನಿಘಂಟನ್ನು ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದವರು ಎಕ್ಸ್‌ಎಂಎಲ್‌ನಲ್ಲಿ ಇಟ್ಟಿದ್ದಾರೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಗುರುತು ಹಾಕುವುದು ಯಾಂತ್ರಿಕ ಎನ್ನುವವರ ಮುಂದೆ ಒಂದು ವಚನ ಇಡು. ಕೊನೆಯಲ್ಲಿ ಚೆನ್ನಮಲ್ಲಿಕಾರ್ಜುನ ಎಂದು ಬರುತ್ತದೆ. ಅದು ದೇವರ ಹೆಸರು, ಅಕ್ಕಮಹಾದೇವಿಯ ಅಂಕಿತವೂ ಹೌದು, ವಾಕ್ಯದಲ್ಲಿ ಸಂಬೋಧನೆಯೂ ಆಗಿರಬಹುದು. ಯೋಚಿಸದೆ ವ್ಯಕ್ತಿನಾಮ ಎಂದು ಟ್ಯಾಗ್ ಹಾಕಿದರೆ, ಪುಸ್ತಕದ ಹಿಂದಿನ ಹೆಸರುಗಳ ಸೂಚಿಯಲ್ಲಿ ಚೆನ್ನಮಲ್ಲಿಕಾರ್ಜುನ ಎಂಬಾತ ನೂರಾರು ಕಡೆ ಹಾಜರಾಗುತ್ತಾನೆ. ಕೂಡಲಸಂಗಮದೇವ ಬಸವಣ್ಣನ ಅಂಕಿತ, ಕೂಡಲಚೆನ್ನಸಂಗಮದೇವ ಚೆನ್ನಬಸವಣ್ಣನದು. ಅವಸರದ ಕಣ್ಣಿಗೆ ಎರಡೂ ಒಂದೇ. ಈ ಭೇದವನ್ನು ಯಾವ ತಂತ್ರಾಂಶವೂ ನಿನಗಾಗಿ ನಿರ್ಧರಿಸಲಾರದು, ವಚನ ಓದಿದವರು ನಿರ್ಧರಿಸಬೇಕು. ಕೃತಕ ಬುದ್ಧಿಮತ್ತೆಗೆ ಕೊಟ್ಟರೆ ಕ್ಷಣದಲ್ಲಿ ಟ್ಯಾಗ್ ಹಾಕಿ ಕೊಡುತ್ತದೆ ಎಂದು ನಿನ್ನ ಓರಗೆಯವರು ಹೇಳುತ್ತಾರೆ. ಕೊಡಲಿ, ಮೊದಲ ಕರಡಿಗೆ ಅದು ಒಳ್ಳೆಯ ನೆರವು. ಅದರ ಪ್ರತಿ ಸಾಲನ್ನು ತಿಳಿದವರೊಬ್ಬರು ಓದಿ ಒಪ್ಪಿದ ಮೇಲಷ್ಟೇ ಅದು ಆವೃತ್ತಿ ಎನಿಸಿಕೊಳ್ಳುತ್ತದೆ.

ಫೈಲಿನ ರಚನೆ ಪರೀಕ್ಷಿಸುವ ಪಾರ್ಸರ್ ತಪ್ಪಿಲ್ಲ ಎಂದು ಹೇಳಿದ ಕೂಡಲೇ ನಿಟ್ಟುಸಿರು ಬಿಡಬೇಡ. ತೆರೆದ ಟ್ಯಾಗು ಮುಚ್ಚಿದೆಯೇ, ಒಂದರೊಳಗೊಂದು ಸರಿಯಾಗಿ ಕೂತಿದೆಯೇ, ಟ್ಯಾಗುಗಳ ನಿಯಮಾವಳಿಯಾದ ಸ್ಕೀಮಾ ಒಪ್ಪದ ಜಾಗದಲ್ಲಿ ಏನಾದರೂ ಬಂದಿದೆಯೇ ಎಂಬಷ್ಟನ್ನೇ ಅದು ನೋಡುತ್ತದೆ. ಅಲ್ಲಮನ ವಚನಕ್ಕೆ ಬಸವಣ್ಣನ ಹೆಸರು ಹಾಕಿದ್ದರೂ ಫೈಲು ವ್ಯಾಲಿಡ್ ಆಗಿಯೇ ಇರುತ್ತದೆ.

ಶಾಸನಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು, ನನಗೆ ತುಂಬಾ ಮುಖ್ಯವೆನಿಸುವ ಮಾತೂ ಇದೇ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಗಳು 1886ರಿಂದ ಬರತೊಡಗಿದವು. ಕಲ್ಲು ಸವೆದಿರುತ್ತದೆ, ಮೂಲೆ ಒಡೆದಿರುತ್ತದೆ. ಒಂದು ಅಕ್ಷರ ಅರ್ಧ ಕಾಣುತ್ತದೆ, ಇನ್ನೊಂದು ಪೂರ್ತಿ ಹೋಗಿರುತ್ತದೆ, ಮೂರನೆಯದನ್ನು ಸಂಪಾದಕರು ಸಂದರ್ಭ ನೋಡಿ ತುಂಬಿರುತ್ತಾರೆ. ಗ್ರೀಕ್, ಲ್ಯಾಟಿನ್ ಶಾಸನ ಮತ್ತು ಪಪೈರಸ್ ಓದುವ ವಿದ್ವಾಂಸರು 1931ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಸೇರಿ, ಇಂಥ ಜಾಗಗಳಿಗೆ ಯಾವ ಆವರಣ, ಯಾವ ಚುಕ್ಕಿ ಎಂದು ಒಪ್ಪಂದ ಮಾಡಿಕೊಂಡರು. ಅದೇ ಭೇದಗಳನ್ನು ಎಕ್ಸ್‌ಎಂಎಲ್‌ನಲ್ಲಿ ಬರೆಯುವ ಕ್ರಮಕ್ಕೆ ಎಪಿಡಾಕ್ ಎಂದು ಹೆಸರು. ಅದರಲ್ಲಿ ಅಸ್ಪಷ್ಟ ಅಕ್ಷರಕ್ಕೆ ಒಂದು ಟ್ಯಾಗ್, ಕಳೆದುಹೋದ ಭಾಗಕ್ಕೆ ಒಂದು, ಸಂಪಾದಕರು ತುಂಬಿದ್ದಕ್ಕೆ ಇನ್ನೊಂದು. ತುಂಬಿದ್ದು ಯಾವ ಕಾರಣಕ್ಕೆ, ಎಷ್ಟು ಖಚಿತ ಎಂದೂ ಬರೆಯಬಹುದು. ಕಲ್ಲು ಹೇಳಿದ್ದು ಎಷ್ಟು, ನಾವು ಊಹಿಸಿದ್ದು ಎಷ್ಟು ಎಂಬ ಗೆರೆ ಓದುಗನಿಗೆ ಕಾಣಿಸಬೇಕು. ಯಾವುದೇ ಕಾರಣಕ್ಕೂ, ಪುಟ ಚೆಂದ ಕಾಣಲಿ ಎಂದಾದರೂ ಸರಿ, ಆ ಗೆರೆಯನ್ನು ಅಳಿಸಬೇಡ. ಒಬ್ಬರ ಊಹೆ ಮೂರು ಮರುಮುದ್ರಣಗಳ ಹೊತ್ತಿಗೆ ಇತಿಹಾಸವಾಗಿಬಿಡುತ್ತದೆ.

ಟ್ಯಾಗಿನೊಳಗೆ ಟ್ಯಾಗು ಕೂತು ಮರದ ಹಾಗೆ ಕವಲೊಡೆಯುವ ಈ ರಚನೆಗೆ ಒಂದು ಮಿತಿಯೂ ಇದೆ. ಹಳಗನ್ನಡದ ಕಂದಪದ್ಯವೊಂದರಲ್ಲಿ ಶುರುವಾದ ವಾಕ್ಯ ಮುಂದಿನ ಪದ್ಯದಲ್ಲಿ ಮುಗಿಯಬಹುದು. ಓಲೆಗರಿಯ ಪುಟ ಪದದ ನಡುವೆಯೇ ಮುಗಿಯಬಹುದು. ಪದ್ಯದ ಟ್ಯಾಗನ್ನು ವಾಕ್ಯದ ಟ್ಯಾಗು ಅಡ್ಡ ಕತ್ತರಿಸುವಂತಿಲ್ಲ. ಹಾಗಾಗಿ ಯಾವುದು ಮುಖ್ಯ ಎಂದು ಮೊದಲೇ ತೀರ್ಮಾನಿಸಿಕೊಂಡು, ಉಳಿದದ್ದಕ್ಕೆ ಪುಟ ಇಲ್ಲಿ ತಿರುಗಿತು ಎಂಬಂಥ ಒಂಟಿ ಗುರುತು ನೆಡಬೇಕು. ಕಾವ್ಯಕ್ಕೆ ನಾನು ಪದ್ಯವನ್ನೇ ಮುಖ್ಯ ಮಾಡುತ್ತೇನೆ. ವ್ಯಾಕರಣ ಅಧ್ಯಯನಕ್ಕೆ ಸಿದ್ಧಪಡಿಸುವವರು ಬೇರೆ ದಾರಿ ಹಿಡಿಯಬಹುದು. ಹಿಡಿದ ದಾರಿಯನ್ನು ಫೈಲಿನ ತಲೆಭಾಗದಲ್ಲಿ ಸ್ಪಷ್ಟವಾಗಿ ಬರೆದಿಡು. ನಿನ್ನ ನಂತರ ಆ ಫೈಲು ತೆರೆಯುವವರಿಗೆ ನಿನ್ನ ಫೋನ್ ನಂಬರ್ ಸಿಗುವುದಿಲ್ಲ.

ಕನ್ನಡಕ್ಕೇ ವಿಶಿಷ್ಟವಾದ ಕೆಲವು ಅಪಾಯಗಳನ್ನು ನಿನಗೆ ಕಂಪನಿಯ ತರಬೇತಿಯಲ್ಲಿ ಯಾರೂ ಹೇಳುವುದಿಲ್ಲ. ಯೂನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಸಂಖ್ಯೆಗಳ ಮೇಲೆ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದ್ದರು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಫೈಲು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ತೊಂಬತ್ತರ ದಶಕದಿಂದ ಎಷ್ಟೋ ಕನ್ನಡ ಪುಸ್ತಕಗಳು ಪೇಜ್‌ಮೇಕರ್‌ನಲ್ಲಿ ಹೀಗೇ ತಯಾರಾದವು. ಆ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ನೋಟವನ್ನಷ್ಟೇ ಉಳಿಸಿದ್ದರಿಂದ ನಾವು ತೆತ್ತ ಬೆಲೆ ಇದು: ಪುಸ್ತಕ ಕಪಾಟಿನಲ್ಲಿದೆ, ಫೈಲು ಇದ್ದೂ ಇಲ್ಲ.

ಪರಿವರ್ತಕ ತಂತ್ರಾಂಶದಿಂದ ಇಂಥ ಫೈಲು ಯೂನಿಕೋಡಿಗೆ ಬಂದಾಗ ಕಣ್ಣಿಗೆ ಬೀಳದ ತಪ್ಪುಗಳು ಉಳಿಯುತ್ತವೆ. ಅನುಸ್ವಾರದ ಜಾಗದಲ್ಲಿ ಕನ್ನಡ ಸೊನ್ನೆ ಕೂತಿರುತ್ತದೆ: ಸಂಗಮ ಎಂಬುದು ಸ೦ಗಮ ಆಗಿರುತ್ತದೆ. ಅರ್ಕಾವತ್ತಿನ ಜಾಗದಲ್ಲಿ ಒಂಬತ್ತರ ಅಂಕಿ ಕೂತು ಕರ್ನಾಟಕ ಎಂಬುದು ಕನಾ೯ಟಕ ಆಗಿರುತ್ತದೆ. ಅಚ್ಚಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಹುಡುಕಿದರೆ ಪದ ಸಿಗುವುದಿಲ್ಲ, ಪರದೆ ಓದುವ ತಂತ್ರಾಂಶವನ್ನು ನಂಬಿದ ಅಂಧ ಓದುಗನಿಗೆ ಪದದ ನಡುವೆ ಅಂಕಿ ಎದುರಾಗುತ್ತದೆ. ಸ್ಕೆಮಾಟ್ರಾನ್ ಎಂಬ ಪರಿಶೀಲನಾ ಭಾಷೆ ಕಲಿತುಕೋ. ಕನ್ನಡ ಅಕ್ಷರಕ್ಕೆ ಅಂಟಿಕೊಂಡು ಕನ್ನಡ ಅಂಕಿ ಬಂದರೆ ನನಗೆ ತೋರಿಸು ಎಂಬ ಒಂದು ನಿಯಮ ಬರೆದಿಟ್ಟರೆ ಈ ಕಳೆ ಬಹುಪಾಲು ಸಿಕ್ಕಿಬೀಳುತ್ತದೆ. ರಾಜ್‌ಕುಮಾರ್ ಎಂಬ ಹೆಸರಿನ ನಡುವೆ ಒತ್ತಕ್ಷರ ಆಗದಂತೆ ತಡೆಯುವ ಕಾಣದ ಅಕ್ಷರವೊಂದಿದೆ. ಒಂದು ಕಡೆ ಅದಿದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಕಂಪ್ಯೂಟರಿಗೆ ಅವು ಎರಡು ಬೇರೆ ಹೆಸರು. ಕೋ ಎಂಬುದರ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಕೊ ಬರೆದು ದೀರ್ಘದ ಗುರುತು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಎಲ್ಲ ಫೈಲುಗಳನ್ನೂ ಎನ್‌ಎಫ್‌ಸಿ ಎಂಬ ಒಂದೇ ಕ್ರಮಕ್ಕೆ ತಂದು ಆಮೇಲೆ ಕೆಲಸ ಶುರುಮಾಡು.

ಟ್ಯಾಗಿನ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದೇ ಎಂದು ನೀನು ಕೇಳಬಹುದು. ಇಡಬಹುದು, 1998ರ ಮೊದಲ ಆವೃತ್ತಿಯಿಂದಲೂ ಕನ್ನಡ ಅಕ್ಷರದ ಹೆಸರುಗಳಿಗೆ ಅವಕಾಶವಿದೆ. ಮನೆಮಟ್ಟಿಗೆ ಅದು ಸೊಗಸು. ಆದರೆ ಸಾರ್ವಜನಿಕ ಕೆಲಸಕ್ಕೆ ಹೊಸ ಟ್ಯಾಗ್ ಪಟ್ಟಿ ಹುಟ್ಟುಹಾಕಬೇಡ ಎಂದೇ ನನ್ನ ಸಲಹೆ. ಗ್ರಂಥಗಳಿಗೆ ಟಿಇಐ ಇದೆ, ಸಂಶೋಧನಾ ಲೇಖನಗಳಿಗೆ ಜಾಟ್ಸ್, ತಾಂತ್ರಿಕ ಕೈಪಿಡಿಗಳಿಗೆ ಡಾಕ್‌ಬುಕ್ ಮತ್ತು ಡಿಟಾ. ಅವನ್ನು ಹಿಡಿದರೆ ಬೇರೆಯವರು ಬರೆದ ಸ್ಟೈಲ್‌ಶೀಟುಗಳು, ಹುಡುಕುವ ಉಪಕರಣಗಳು ಬಿಟ್ಟಿಯಾಗಿ ಬರುತ್ತವೆ. ಟಿಇಐನಲ್ಲಿ 500ಕ್ಕೂ ಹೆಚ್ಚು ಎಲಿಮೆಂಟುಗಳಿವೆ ಎಂದು ಹೆದರಬೇಡ. ಒಂದು ಪುಸ್ತಕಕ್ಕೆ ಮೂವತ್ತು ನಲವತ್ತು ಸಾಕು. ಕಂಡದ್ದಕ್ಕೆಲ್ಲ ಟ್ಯಾಗ್ ಹಾಕುವ ಉತ್ಸಾಹ ಹೊಸಬರಲ್ಲಿ ಸಾಮಾನ್ಯ. ಮೊದಲ ಅಧ್ಯಾಯದಲ್ಲಿ ಊರು, ನದಿ, ಹಬ್ಬ ಎಲ್ಲಕ್ಕೂ ಗುರುತು, ಹತ್ತನೆಯದರಲ್ಲಿ ಏನೂ ಇಲ್ಲ. ಹಾಗೆ ಮಾಡಿದ ಫೈಲನ್ನು ನಂಬಿ ಯಾವ ಲೆಕ್ಕವನ್ನೂ ತೆಗೆಯಲಾಗದು. ಯಾರೋ ಒಬ್ಬರು ನಿಜವಾಗಿ ಕೇಳಬಹುದಾದ ಪ್ರಶ್ನೆಗೆ ಬೇಕಾದಷ್ಟನ್ನೇ ಆರಿಸಿಕೊಂಡು, ಕೊನೆಯ ಪುಟದವರೆಗೂ ಅದನ್ನೇ ನಡೆಸು. ಮದುವೆಯ ಆಮಂತ್ರಣಕ್ಕೆ, ಒಮ್ಮೆ ಓದಿ ಬಿಡುವ ಸುತ್ತೋಲೆಗೆ ಇದಾವುದೂ ಬೇಡ.

ಪ್ರಕಟಣೆಯ ಹಂತದಲ್ಲಿ ನಾನು ಅತ್ಯಂತ ಹೆಚ್ಚು ಕಂಡ ಅನಾಹುತ ಒಂದಿದೆ. ಎಕ್ಸ್‌ಎಂಎಲ್‌ನಿಂದ ಪುಟ ಕಟ್ಟಿ ಅಚ್ಚಿಗೆ ಹೋಗುವ ಹಿಂದಿನ ರಾತ್ರಿ ಲೇಖಕರು ಹತ್ತು ತಿದ್ದುಪಡಿ ಕಳಿಸುತ್ತಾರೆ. ಅವಸರದಲ್ಲಿ ಡಿಟಿಪಿಯವರು ಪುಟದಲ್ಲೇ ತಿದ್ದಿ ಪಿಡಿಎಫ್ ಕಳಿಸಿಬಿಡುತ್ತಾರೆ. ಮೂಲ ಫೈಲಿನಲ್ಲಿ ಹಳೆಯ ತಪ್ಪೇ ಉಳಿಯುತ್ತದೆ. ಎರಡು ವರ್ಷದ ಮೇಲೆ ಇ-ಪುಸ್ತಕ ಮಾಡಹೊರಟಾಗ ಆ ಹತ್ತೂ ತಪ್ಪು ಮತ್ತೆ ಎದ್ದು ಬರುತ್ತವೆ, ಯಾವ ಪ್ರತಿ ಸರಿ ಎಂದು ಹೇಳುವವರು ಯಾರೂ ಇರುವುದಿಲ್ಲ. ಎಷ್ಟೇ ಹೊತ್ತಾಗಲಿ, ಮೂಲದಲ್ಲಿ ತಿದ್ದಿ, ಪುಟವನ್ನು ಮತ್ತೆ ಹೊರಡಿಸು. ಈ ಒಂದು ವಿಷಯದಲ್ಲಿ ಹಿರಿಯರ ಜೊತೆ ಜಗಳವಾಡಬೇಕಾಗಿ ಬಂದರೂ ಆಡು. ಹಾಗೆಯೇ ಪರಾಮರ್ಶನಕ್ಕೆ ಪುಟಸಂಖ್ಯೆಯನ್ನು ನೆಚ್ಚಬೇಡ. ಪ್ರತಿ ಪದ್ಯಕ್ಕೂ ಪ್ರತಿ ನಮೂದಿಗೂ ಒಂದು ಐಡಿ ಕೊಡು, ಒಮ್ಮೆ ಕೊಟ್ಟದ್ದನ್ನು ಬದಲಿಸಬೇಡ. ತಿದ್ದಿದ ಇತಿಹಾಸವೆಲ್ಲ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿರಲಿ.

ಮೂಲ ಹೀಗೆ ಶುದ್ಧವಾಗಿದ್ದರೆ ಎಕ್ಸ್‌ಎಸ್‌ಎಲ್‌ಟಿ ಎಂಬ ಪರಿವರ್ತನಾ ಭಾಷೆಯಿಂದ ಅದೇ ಪಠ್ಯ ಅಚ್ಚಿಗೂ ಹೋಗುತ್ತದೆ, ಮೊಬೈಲಿಗೂ ಹೋಗುತ್ತದೆ, ವಯಸ್ಸಾದವರಿಗೆ ದೊಡ್ಡ ಅಕ್ಷರದ ಪ್ರತಿಯಾಗಿ, ಬೆರಳಲ್ಲಿ ಓದುವವರಿಗೆ ಬ್ರೈಲ್ ಆಗಿ, ಕೇಳಿ ಓದುವವರಿಗೆ ಡೈಸಿ ಪುಸ್ತಕವಾಗಿಯೂ ಹೋಗುತ್ತದೆ. ಡೈಸಿ ಪುಸ್ತಕದಲ್ಲಿ ಅಧ್ಯಾಯದಿಂದ ಅಧ್ಯಾಯಕ್ಕೆ ಜಿಗಿಯಲು ಆಗುವುದು ಅಧ್ಯಾಯದ ಶೀರ್ಷಿಕೆಯನ್ನು ಯಾರೋ ಶೀರ್ಷಿಕೆ ಎಂದೇ ಗುರುತಿಸಿದ್ದರಿಂದ. ಬರೀ ದಪ್ಪ ಅಕ್ಷರ ಮಾಡಿಟ್ಟಿದ್ದರೆ ಆ ಓದುಗರು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತಲೇ ಹೋಗಬೇಕಿತ್ತು.

ಎಕ್ಸ್‌ಎಂಎಲ್ ಹಳೆಯದಾಯಿತು, ಈಗ ಎಲ್ಲ ಜೇಸನ್ ಎಂಬ ದತ್ತಾಂಶ ರೂಪವೇ ಎನ್ನುವವರೂ ಸಿಗುತ್ತಾರೆ. ಬೆಲೆಪಟ್ಟಿ, ಹಾಜರಿಪಟ್ಟಿಗಳಿಗೆ ಜೇಸನ್ ಚೆನ್ನಾಗಿಯೇ ಒದಗುತ್ತದೆ. ವಾಕ್ಯದ ನಡುವೆ ಪದ, ಪದದ ನಡುವೆ ಅಳಿದ ಅಕ್ಷರ, ಅದರ ಪಕ್ಕದಲ್ಲಿ ಟಿಪ್ಪಣಿ ಇರುವ ಬರಹಕ್ಕೆ ಇವತ್ತಿಗೂ ಎಕ್ಸ್‌ಎಂಎಲ್‌ನಷ್ಟು ಹೊಂದುವುದು ಇನ್ನೊಂದಿಲ್ಲ. ನಿನ್ನದೇ ಒಂದು ವರ್ಡ್ ಡಾಕ್ಸ್ (docx) ಫೈಲಿನ ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ಬಿಚ್ಚಿ ನೋಡು. ಒಳಗಿರುವುದು ಎಕ್ಸ್‌ಎಂಎಲ್ಲೇ.

ಕಂಪನಿಯ ಕೆಲಸವನ್ನು ಶ್ರದ್ಧೆಯಿಂದ ಮಾಡು, ಕೈ ಕುದುರುತ್ತದೆ. ಅದರ ಜೊತೆಗೆ ನಿನ್ನಲ್ಲಿ ನನ್ನದೊಂದು ಕೋರಿಕೆ. ಹಕ್ಕುಸ್ವಾಮ್ಯದ ಅವಧಿ ಮುಗಿದ ಕನ್ನಡ ಪುಸ್ತಕಗಳು ಸ್ಕ್ಯಾನ್ ಚಿತ್ರಗಳಾಗಿ ರಾಶಿ ಬಿದ್ದಿವೆ. ಅವುಗಳಲ್ಲಿ ನಿನಗಿಷ್ಟವಾದ ಒಂದು ಚಿಕ್ಕ ಪುಸ್ತಕ ಆರಿಸಿಕೋ, ಗಾದೆ ಸಂಗ್ರಹವಾದರೂ ಸರಿ, ಒಂದು ತಾಲ್ಲೂಕಿನ ಶಾಸನಗಳಾದರೂ ಸರಿ. ಭಾನುವಾರ ಒಂದೆರಡು ಪುಟದಂತೆ ಗುರುತು ಹಾಕುತ್ತಾ ಹೋಗು. ಮೊದಲ ಹತ್ತು ಪುಟ ಮುಗಿದಾಗ ನನಗೆ ಕಳಿಸು, ಕೂತು ಓದಿ ತಿದ್ದಿಕೊಡುತ್ತೇನೆ.